ಅವನು ನಿಲ್ಲುವುದೇ ಇಲ್ಲ, ಡಾಕ್ಟರೇ

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು. ಚಳಿಗಾಲವೆಲ್ಲ ಹೆಚ್ಚುಕಡಿಮೆ ಮನೆಯೊಳಗೇ ಕಳೆದೆವು. ಈಗ ಬೇಸಿಗೆ ಶುರುವಾಗಿದೆ. ಬಾಗಿಲು ತೆರೆದರೆ ಸಾಕು, ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತಾನೆ. ಕಳೆದ ವಾರ ಬೆಳಗ್ಗೆ ಹತ್ತೂವರೆಗೆ ಪಾರ್ಕಿಗೆ ಹೋದೆವು. ಒಂದೂವರೆ ಗಂಟೆ ಒಂದೇ ಸಮನೆ ಓಡಿದ. ನೀರು ಕೊಟ್ಟರೆ ಬೇಡ ಎಂದ. ಮುಖ ಕೆಂಡದ ಹಾಗೆ ಕೆಂಪಾಯಿತು. ಮನೆಗೆ ಬರುವ ದಾರಿಯಲ್ಲಿ ಒಮ್ಮೆ ವಾಂತಿ ಮಾಡಿಕೊಂಡು ಹಾಗೇ ನಿದ್ದೆ ಹೋದ. ಎದ್ದ ಮೇಲೆ ಏನೂ ಆಗದವನ ಹಾಗೆ ಮತ್ತೆ ಓಟ. ಎರಡು ದಿನ ಬಿಟ್ಟು ಜಾರುಬಂಡೆಯಲ್ಲಿ ತೊಡೆಯ ಹಿಂಭಾಗ ಸುಟ್ಟುಕೊಂಡ. ನಿನ್ನೆ ನಾನು ಫೋನಿನಲ್ಲಿ ಒಂದು ಮೆಸೇಜ್ ನೋಡುವಷ್ಟರಲ್ಲಿ ಕೊಳದ ಅಂಚಿಗೆ ಹೋಗಿ ನಿಂತಿದ್ದ. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಮನೆಯಲ್ಲಿ ಒಬ್ಬರು 'ಬಿಸಿಲಿಗೆ ಬಿಡಲೇಬೇಡ' ಅನ್ನುತ್ತಾರೆ. ಇನ್ನೊಬ್ಬರು 'ಮಕ್ಕಳಿಗೆ ಬಿಸಿಲು ತಟ್ಟಲ್ಲ, ಸುಸ್ತಾದರೆ ತಾನೇ ಕೂರುತ್ತಾನೆ' ಅನ್ನುತ್ತಾರೆ. ಹೈಪರ್‌ಆಕ್ಟಿವಿಟಿ ಇರಬಹುದು ಅಂತ ಮತ್ತೊಬ್ಬರ ಗುಮಾನಿ. ಕುತ್ತಿಗೆಯ ಸುತ್ತ ಬೆವರುಸಾಲೆ ಬೇರೆ ಎದ್ದಿದೆ. ಟೋಪಿ ಹಾಕಿದರೆ ಕಿತ್ತು ಎಸೆಯುತ್ತಾನೆ. ಇವನನ್ನು ಹೊರಗೆ ಕರೆದುಕೊಂಡು ಹೋಗಲೋ ಬೇಡವೋ?

ಉತ್ತರ: ಕರೆದುಕೊಂಡು ಹೋಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಿಮ್ಮ ಪತ್ರದ ತುಂಬ 'ನಾನೇನೋ ತಪ್ಪು ಮಾಡಿಬಿಟ್ಟೆ' ಎನ್ನುವ ಅಳುಕು ಕಾಣುತ್ತಿದೆ. ಎರಡು ವರ್ಷದ ಮಗುವನ್ನು ಓಡಲು ಬಿಟ್ಟದ್ದು ತಪ್ಪಲ್ಲ. ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಯಾರು ನಿಲ್ಲಿಸಬೇಕು, ಈ ಮೂರು ಲೆಕ್ಕ ಮಾತ್ರ ಸ್ವಲ್ಪ ತಪ್ಪಿದೆ. ಅದರಲ್ಲೂ ಮೂರನೆಯದು. ಅವನಾಗಿ ನಿಲ್ಲಲಿ ಎಂದು ನೀವು ಕಾದಿರಿ. ಈ ವಯಸ್ಸಿನವರು ನಿಲ್ಲುವುದಿಲ್ಲ.

'ಸುಸ್ತಾದರೆ ತಾನೇ ಕೂರುತ್ತಾನೆ' ಎನ್ನುವ ಮಾತನ್ನು ನಾನು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇನೆ. ಹೇಳುವವರು ತಮ್ಮ ಮೈಯ ಅನುಭವದಿಂದ ಹೇಳುತ್ತಾರೆ. ನಮಗೆ ಸೆಕೆಯಾದರೆ ಕಾಲು ತಾನಾಗಿ ನೆರಳಿನ ಕಡೆ ತಿರುಗುತ್ತದೆ, ಕೈ ನೀರಿನ ಬಾಟಲಿ ಹುಡುಕುತ್ತದೆ. 'ಈಗ ಸಾಕು' ಎಂದು ತಡೆಯುವ ಕೆಲಸ ಮಿದುಳಿನ ಮುಂಭಾಗದ್ದು. ಎರಡು ವರ್ಷಕ್ಕೆ ಅದು ತೀರಾ ಎಳಸು. ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಬಾಯಾರಿಕೆ, ದಣಿವು ಎಲ್ಲ ನಿಮ್ಮ ಮಗನಿಗೂ ಆಗುತ್ತದೆ. ಆದರೆ ಎದುರಿಗೆ ಒಂದು ಪಾರಿವಾಳ ಕೂತಿದ್ದರೆ ಪಾರಿವಾಳವೇ ಗೆಲ್ಲುತ್ತದೆ. ದಣಿದ ಪುಟ್ಟ ಮಕ್ಕಳು ಎಷ್ಟೋ ಸಲ ಕೂರುವ ಬದಲು ಇನ್ನೂ ಜೋರಾಗಿ ಓಡುತ್ತಾರೆ, ಸುಮ್ಸುಮ್ನೆ ಕಿಲಕಿಲ ನಗುತ್ತಾರೆ, ಮರುಕ್ಷಣ ನೆಲಕ್ಕೆ ಬಿದ್ದು ಅಳುತ್ತಾರೆ. ನಾವು ಅದನ್ನು ನೋಡಿ 'ಅಬ್ಬಾ, ಎಷ್ಟು ಶಕ್ತಿ!' ಅನ್ನುತ್ತೇವೆ.

'ಮಕ್ಕಳಿಗೆ ಬಿಸಿಲು ತಟ್ಟಲ್ಲ' ಎನ್ನುವುದಂತೂ ಪೂರ್ತಿ ಉಲ್ಟಾ. ತೂಕಕ್ಕೆ ಹೋಲಿಸಿದರೆ ಪುಟ್ಟ ಮಗುವಿನ ಚರ್ಮದ ಹರವು ನಮಗಿಂತ ಜಾಸ್ತಿ. ಹೊರಗಿನ ಗಾಳಿ ಮೈಗಿಂತ ಬಿಸಿಯಾಗಿದ್ದರೆ, ಬಿಸಿಲು ನೇರ ಬೀಳುತ್ತಿದ್ದರೆ, ಅಷ್ಟೂ ಹರವಿನಿಂದ ಶಾಖ ಒಳಗೆ ಬರುತ್ತದೆ. ಚಿಕ್ಕ ಕಾಲು, ಹೆಜ್ಜೆ ಜಾಸ್ತಿ. ನಿಮ್ಮ ಜೊತೆ ಅದೇ ದೂರ ಓಡಿದರೂ, ತೂಕದ ಲೆಕ್ಕದಲ್ಲಿ ಅವನ ಮೈ ಹುಟ್ಟಿಸುವ ಶಾಖ ಹೆಚ್ಚು. ಬೆವರುವುದು ಕಡಿಮೆ. ಮೇಲಾಗಿ ಅವನ ಮುಖ ನೆಲಕ್ಕೆ ಹತ್ತಿರ. ಕಾದ ನೆಲದ ಬಳಿ ಗಾಳಿ ಇನ್ನೂ ಬಿಸಿ. ನಿಮಗೆ ಹಿತವೆನಿಸುವ ಬೆಳಗ್ಗೆ ಅವನಿಗೆ ಹಾಗೆ ಇರಬೇಕೆಂದಿಲ್ಲ. ಒಮ್ಮೆ ಅವನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ನೋಡಿ, ತಿಳಿಯುತ್ತದೆ.

ಇಲ್ಲಿ ನಮ್ಮವರದ್ದೂ ಒಂದು ತಪ್ಪೊಪ್ಪಿಗೆ ಇದೆ. 'ಮಕ್ಕಳ ದೇಹ ಬಿಸಿಲು ತಾಳುವುದೇ ಇಲ್ಲ' ಎಂದು ವೈದ್ಯರು ಬಹಳ ಕಾಲ ಹೇಳುತ್ತಿದ್ದೆವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಅದನ್ನು ತಿದ್ದಿತು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಸಾಕಷ್ಟು ನೀರು ಕುಡಿದರೆ, ನಡುನಡುವೆ ವಿರಾಮ ಪಡೆದರೆ, ಬಿಸಿಲಿನ ಆಟವನ್ನು ದೊಡ್ಡವರಷ್ಟೇ ಚೆನ್ನಾಗಿ ತಾಳುತ್ತಾರೆ ಎಂಬುದು ಅದರ ಸಾರ. ಹಾಗಾಗಿ 'ಬಿಡಲೇಬೇಡ' ಎನ್ನುವುದೂ ಸರಿಯಲ್ಲ. ನೀರು ಮತ್ತು ವಿರಾಮ, ಇವೆರಡೇ ಗುಟ್ಟು. ನಿಮ್ಮ ಮಗ ಇವೆರಡನ್ನೂ ತಾನಾಗಿ ಮಾಡುವುದಿಲ್ಲ, ಅಷ್ಟೇ.

ಬೇಸಿಗೆಯ ಮೊದಲ ಎರಡು ವಾರ

ಜನ ಕಡುಬೇಸಿಗೆಗೆ ಹೆದರುತ್ತಾರೆ. ನನಗೆ ಬೇಸಿಗೆಯ ಮೊದಲ ಬಿಸಿ ದಿನಗಳ ಭಯ ಹೆಚ್ಚು. ಮೈ ಸೆಕೆಗೆ ಹೊಂದಿಕೊಳ್ಳಲು ಸುಮಾರು 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಹೋಗುವುದು ಕಡಿಮೆಯಾಗುತ್ತದೆ. ಮಕ್ಕಳಲ್ಲಿ ಇದು ಇನ್ನೂ ಒಂಚೂರು ನಿಧಾನ. ಚಳಿಗಾಲವೆಲ್ಲ ಒಳಗಿದ್ದ ಮಗುವನ್ನು ಮೊದಲ ಬಿಸಿ ದಿನವೇ ಒಂದೂವರೆ ಗಂಟೆ ಬಿಟ್ಟರೆ, ಆ ಮೈ ಇನ್ನೂ ಚಳಿಗಾಲದಲ್ಲೇ ಇರುತ್ತದೆ. ಎರಡು ತಿಂಗಳ ನಂತರ ಅದೇ ಪಾರ್ಕಿನಲ್ಲಿ ಅಷ್ಟೇ ಸೆಕೆಗೆ ಅವನಿಗೆ ಬಹುಶಃ ಇಷ್ಟು ಆಗುತ್ತಿರಲಿಲ್ಲ.

ಆದ್ದರಿಂದ ಇನ್ನು ಎರಡು ವಾರ ಹೀಗೆ ಮಾಡಿ. ಬೆಳಗ್ಗೆ ಬೇಗ ಅಥವಾ ಬಿಸಿಲಿಳಿದ ಮೇಲೆ ಹೊರಡಿ. 20 ನಿಮಿಷ ಓಟ, 10 ನಿಮಿಷ ನೆರಳು, ಮತ್ತೆ 20 ನಿಮಿಷ. ಮೂರ್ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. 'ಬಾ, ರೆಸ್ಟ್ ಮಾಡು' ಎಂದರೆ ಯಾವ ಮಗುವೂ ಬರುವುದಿಲ್ಲ. ನೆರಳಿನಲ್ಲಿ ಏನಾದರೂ ಕೆಲಸ ಇಡಿ. ಒಂದು ಡಬ್ಬಿ, ನಾಲ್ಕು ದೊಡ್ಡ ಕಾಯಿ ಅಥವಾ ಕಲ್ಲು, ಹಾಕುವುದು, ತೆಗೆಯುವುದು. ಹತ್ತು ನಿಮಿಷ ಕಳೆದೇ ಹೋಗುತ್ತದೆ. ಬಾಯಲ್ಲಿ ಹಿಡಿಸುವಷ್ಟು ಚಿಕ್ಕ ಕಲ್ಲು ಮಾತ್ರ ಬೇಡ.

ಮನೆಯೊಳಗೇ ಇಟ್ಟುಕೊಂಡರೆ? ಅದೂ ಒಂದು ದಾರಿಯೇ. ಆದರೆ ಅದಕ್ಕೂ ಬೆಲೆ ಇದೆ. ದಿನವಿಡೀ ಏಸಿ ಕೋಣೆಯಲ್ಲಿದ್ದರೆ ಮೈ ಸೆಕೆಗೆ ಒಗ್ಗುವುದೇ ಇಲ್ಲ. ಕಡೆಗೊಂದು ದಿನ ಹೊರಗೆ ಹೋದಾಗ ಮತ್ತೆ ಇದೇ ಕಥೆ. ಓಡಲು ಜಾಗವಿಲ್ಲದ ಮಗು ಸೋಫಾ ಹತ್ತುತ್ತದೆ, ಕಿಟಕಿ ಹತ್ತುತ್ತದೆ. ಕೊನೆಗೆ ನಾವೇ ಸೋತು ಕೈಗೆ ಫೋನ್ ಕೊಡುತ್ತೇವೆ. ತೀರಾ ಬಿಸಿಯ ದಿನಗಳಲ್ಲಿ ಒಳಗಿರಲಿ, ತಪ್ಪಿಲ್ಲ. ಅದನ್ನೇ ಇಡೀ ಬೇಸಿಗೆಯ ರೂಢಿ ಮಾಡಬೇಡಿ. ಇನ್ನು ಸಂಜೆಯ ಆಟದ ತೊಂದರೆ ಸೊಳ್ಳೆ ಮತ್ತು ನಿದ್ದೆ. ಮಲಗುವ ಹೊತ್ತಿಗೆ ಒಂದು ಗಂಟೆ ಮುಂಚೆಯಾದರೂ ಓಟ ನಿಲ್ಲಲಿ, ಕೋಣೆಯಲ್ಲಿ ಕತ್ತಲಿರಲಿ.

ಅವತ್ತು ಆದದ್ದೇನು

ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಕೆಂಪು ಮುಖ, ವಾಂತಿ, ಹೊತ್ತಲ್ಲದ ಹೊತ್ತಿನ ನಿದ್ದೆ, ಇವು ಮೂರೂ ಸೇರಿದರೆ ಬಿಸಿಲಿನ ಬಳಲಿಕೆ ಎಂದೇ ಅನ್ನಿಸುತ್ತದೆ. ಎದ್ದ ಮೇಲೆ ಚೆನ್ನಾಗಿ ಓಡಾಡಿದ್ದರಿಂದ ಈಗ ಅದರ ಚಿಂತೆ ಬೇಡ. ಒಂದು ವಿಷಯ ಮಾತ್ರ ನೆನಪಿಡಿ. ಮುಂದೆ ಹೀಗಾದರೆ ಹಾಗೇ ಮಲಗಲು ಬಿಡಬೇಡಿ. ಬಿಸಿಲಿನಲ್ಲಿ ವಾಂತಿ ಮಾಡಿದ ಮಗು ಮಂಪರಾದರೆ ಅದು ಬರೀ ನಿದ್ದೆಯೋ, ಮಿದುಳಿಗೆ ಶಾಖ ತಟ್ಟಿದೆಯೋ ಎಂದು ತಿಳಿಯುವುದಿಲ್ಲ. ತಟ್ಟಿ ಎಬ್ಬಿಸಿ. ಎದ್ದು, ನಿಮ್ಮ ಮುಖ ನೋಡಿ, ಸಿಡಿಮಿಡಿ ಮಾಡಿದರೆ ಒಳ್ಳೆಯದು. ನೆರಳಿಗೆ ಒಯ್ಯಿರಿ, ಬಟ್ಟೆ ಬಿಚ್ಚಿ, ಮೈಗೆ ನೀರು ಸವರಿ, ಗಾಳಿ ಹಾಕಿ. ಆಮೇಲೆ ಗುಟುಕು ಗುಟುಕಾಗಿ ನೀರು.

ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ನಿಮ್ಮನ್ನು ಗುರುತಿಸದ ಹಾಗೆ ನೋಡಿದರೆ, ತೂರಾಡಿದರೆ, ಫಿಟ್ಸ್ ಬಂದರೆ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಉಷ್ಣತೆ ಆಗ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅಥವಾ ಅದಕ್ಕೂ ಮೇಲೆ ಹೋಗಿರುತ್ತದೆ. ಥರ್ಮಾಮೀಟರ್ ಹುಡುಕುತ್ತಾ ಹೊತ್ತು ಕಳೆಯಬೇಡಿ. 'ಬೆವರುತ್ತಿದ್ದಾನಲ್ಲ, ಹಾಗಾಗಿ ಸ್ಟ್ರೋಕ್ ಅಲ್ಲ' ಎಂಬ ಲೆಕ್ಕವನ್ನೂ ನಂಬಬೇಡಿ. ಓಡಿ ಆಡಿ ಬಿದ್ದವರಲ್ಲಿ ಬೆವರು ಇದ್ದೇ ಇರಬಹುದು. ಆಂಬುಲೆನ್ಸ್‌ಗೆ ಕರೆ ಹೋಗಲಿ, ಅದು ಬರುವವರೆಗೆ ಮೈ ತಣಿಸುವುದು ನಿಲ್ಲದಿರಲಿ. ತಲೆ ಮೇಲಕ್ಕೆ ಹಿಡಿದು ತಣ್ಣೀರಿನಲ್ಲಿ ಕೂರಿಸಬಹುದು, ಇಲ್ಲವೇ ಮೈತುಂಬ ನೀರು ಸುರಿಯುತ್ತಾ ಗಾಳಿ ಹಾಕಬಹುದು. ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು ಕಾಯುವವರೂ ಇದ್ದಾರೆ. ಜ್ವರದಲ್ಲಿ ಮಿದುಳೇ ಮೈಯ ಬಿಸಿಯ ಮಟ್ಟವನ್ನು ಏರಿಸಿರುತ್ತದೆ, ಆ ಮಾತ್ರೆ ಅದನ್ನು ಇಳಿಸುತ್ತದೆ. ಬಿಸಿಲಿನ ಶಾಖ ಹೊರಗಿನಿಂದ ಬಂದು ಸೇರಿಕೊಂಡದ್ದು. ಅದಕ್ಕೆ ಈ ಮಾತ್ರೆ ಏನೂ ಮಾಡದು.

ನೀರಿನ ವಿಷಯ. ಈ ವಯಸ್ಸಿನವರಿಗೆ ದಿನಕ್ಕೆ ಸುಮಾರು 1.3 ಲೀಟರ್ ದ್ರವ ಬೇಕು. ಹಾಲು, ಹಣ್ಣು, ಊಟದಲ್ಲಿರುವ ನೀರು ಎಲ್ಲ ಸೇರಿ ಇಷ್ಟು. ಬಿಸಿಲಿನಲ್ಲಿ ಓಡಿದ ದಿನ ಇದಕ್ಕಿಂತ ಜಾಸ್ತಿ. 'ನೀರು ಬೇಕಾ?' ಎಂದು ಕೇಳಬೇಡಿ. 'ಬೇಡ' ಎನ್ನುವುದು ಎರಡು ವರ್ಷದವರ ಅಚ್ಚುಮೆಚ್ಚಿನ ಪದ. ಹೊರಡುವ ಮುಂಚೆ ಕುಡಿಸಿ. ಆಮೇಲೆ ಪ್ರತಿ ವಿರಾಮದಲ್ಲಿ ನೀವು ಮೊದಲು ಒಂದು ಗುಟುಕು ಕುಡಿದು ಬಾಟಲಿ ಅವನ ಕೈಗೆ ಕೊಡಿ. ನಾಲ್ಕೈದು ಗುಟುಕು ಹೋದರೆ ಸಾಕು. ಹೊರಗಿನ ಸಾಮಾನ್ಯ ಆಟಕ್ಕೆ ಜ್ಯೂಸ್, ಸ್ಪೋರ್ಟ್ಸ್ ಡ್ರಿಂಕ್ ಯಾವುದೂ ಬೇಡ. ಮತ್ತೆ ಮತ್ತೆ ವಾಂತಿ ಅಥವಾ ಭೇದಿ ಆದರೆ ಮಾತ್ರ ಓಆರ್‌ಎಸ್. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡಿ. ಅಂದಾಜಿನಲ್ಲಿ ಗಟ್ಟಿಯಾಗಿ ಕಲಸಿದರೆ ಉಪ್ಪು ಹೆಚ್ಚಾಗಿ ಬೇರೆ ತೊಂದರೆ. ನೀರು ಸಾಕಾಯಿತೋ ಇಲ್ಲವೋ ಎಂದು ಡೈಪರ್ ಹೇಳುತ್ತದೆ. ಎಚ್ಚರವಿರುವಾಗ 6ರಿಂದ 8 ಗಂಟೆ ಮೂತ್ರವಿಲ್ಲ, ಅತ್ತರೆ ಕಣ್ಣೀರಿಲ್ಲ, ಬಾಯಿ ಅಂಟಂಟು, ಕಣ್ಣು ಒಳಗೆ ಹೋದ ಹಾಗಿದೆ ಎಂದರೆ ವೈದ್ಯರಿಗೆ ತೋರಿಸಿ.

ಜಾರುಬಂಡೆ, ಕೊಳ

ತೊಡೆ ಸುಟ್ಟದ್ದಕ್ಕೆ ನೀವು ಏನು ಹಚ್ಚಿದಿರಿ ಎಂದು ಬರೆದಿಲ್ಲ. ಮುಂದಿನ ಸಲಕ್ಕೆ ತಿಳಿದಿರಲಿ, ನಲ್ಲಿಯ ತಣ್ಣೀರು 20 ನಿಮಿಷ. ಹತ್ತು ಸೆಕೆಂಡ್ ಅಲ್ಲ, ಗಡಿಯಾರ ನೋಡಿ 20 ನಿಮಿಷ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗವಿದೆ. ಐಸ್, ಎಣ್ಣೆ, ಟೂತ್‌ಪೇಸ್ಟ್ ಬೇಡ. ಬೊಬ್ಬೆ ಎದ್ದಿದ್ದರೆ, ಅಥವಾ ಸುಟ್ಟ ಜಾಗ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ತೋರಿಸಿಯೇ ಬಿಡಿ. ಲೋಹದ ಜಾರುಬಂಡೆಯೇ ಆಗಬೇಕೆಂದಿಲ್ಲ. ಗಾಢ ಬಣ್ಣದ ಪ್ಲಾಸ್ಟಿಕ್, ಕಾಲಿಗೆ ಮೆತ್ತಗಿರಲಿ ಎಂದು ಹಾಸಿದ ರಬ್ಬರ್ ನೆಲ ಕೂಡ ಬಿಸಿಲಿನಲ್ಲಿ ಸುಡುವಷ್ಟು ಕಾಯುತ್ತವೆ. ತಂಗಾಳಿ ಬೀಸುತ್ತಿದ್ದರೂ ಕಾಯುತ್ತವೆ. ಅವನು ಹತ್ತುವ ಮೊದಲು ನಿಮ್ಮ ಅಂಗೈಯ ಹಿಂಭಾಗ ಐದು ಸೆಕೆಂಡ್ ಇಟ್ಟು ನೋಡಿ. ಇಡಲು ಆಗದಿದ್ದರೆ ಇವತ್ತು ಜಾರುಬಂಡೆಗೆ ರಜೆ.

ಕೊಳದ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಕ್ಷಮಿಸಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ವಾಂತಿಯಲ್ಲ, ಆ ಮೆಸೇಜ್.

ಮುಳುಗುವ ಮಗು ಕೂಗುತ್ತದೆ, ಕೈ ಬಡಿಯುತ್ತದೆ, ಸದ್ದು ಕೇಳಿ ಓಡಬಹುದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಾಗುವುದಿಲ್ಲ. ಬಾಯಿ ನೀರಿನಲ್ಲಿರುವವರಿಗೆ ಕೂಗಲು ಉಸಿರೇ ಇರುವುದಿಲ್ಲ. ಪುಟ್ಟ ಮಕ್ಕಳು ಸದ್ದಿಲ್ಲದೆ ಮುಳುಗುತ್ತಾರೆ, ಅದೂ ಒಂದೆರಡು ನಿಮಿಷದೊಳಗೆ. ಕೊಳವೇ ಬೇಕಾಗಿಲ್ಲ. ಮೂಗು ಬಾಯಿ ಮುಚ್ಚುವಷ್ಟು, 5 ಸೆಂಟಿಮೀಟರ್ ನೀರು ಸಾಕು. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ. ಬಕೆಟ್ಟಿಗೆ ಬಗ್ಗಿದರೆ ತಲೆಕೆಳಗಾಗಿ ಬೀಳುತ್ತಾರೆ, ಮೇಲೆ ಎದ್ದುಕೊಳ್ಳುವ ಬಲ ಇರುವುದಿಲ್ಲ. ನೀರಿನಲ್ಲಿ ಮುಳುಗಿ ಸಾಯುವವರ ಪ್ರಮಾಣ 1ರಿಂದ 4 ವರ್ಷದವರಲ್ಲೇ ಅತಿ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ನೀರಾಟ ಬೇಡವೇ? ಖಂಡಿತ ಇರಲಿ. ಸೆಕೆಯ ದಿನ ಅದಕ್ಕಿಂತ ಒಳ್ಳೆಯ ಆಟ ಇಲ್ಲ. 'ನೀರಲ್ಲಿ ಆಡಿದರೆ ನೆಗಡಿ' ಎನ್ನುವುದೂ ಸರಿಯಲ್ಲ, ನೆಗಡಿ ಬರುವುದು ವೈರಸ್‌ನಿಂದ. ಆದರೆ ನೀರಿನ ಹತ್ತಿರ ಇರುವಷ್ಟು ಹೊತ್ತು ಅವನು ನಿಮ್ಮ ಕೈಗೆ ಎಟುಕುವ ದೂರದಲ್ಲಿರಬೇಕು. ಕಣ್ಣಿಗೆ ಕಾಣುವ ದೂರ ಸಾಲದು. ಇಬ್ಬರು ದೊಡ್ಡವರಿದ್ದಾಗ ಅಪಾಯ ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ಅವರು ನೋಡುತ್ತಿದ್ದಾರೆ ಎಂದು ಇವರು, ಇವರು ನೋಡುತ್ತಿದ್ದಾರೆ ಎಂದು ಅವರು. ಬಾಯಿಬಿಟ್ಟು ಹೇಳಿಕೊಳ್ಳಿ, 'ಈಗ ನೀನು ನೋಡ್ಕೋ' ಅಂತ. ಅವರು 'ಹ್ಞೂಂ' ಅಂದ ಮೇಲೆಯೇ ನಿಮ್ಮ ಫೋನ್ ಹೊರಗೆ ಬರಲಿ. ತೋಳಿಗೆ ಕಟ್ಟುವ ಗಾಳಿಚೀಲಗಳು ಆಟಿಕೆ, ರಕ್ಷಣೆಯಲ್ಲ. ಆಟ ಮುಗಿದ ಕೂಡಲೇ ಟಬ್, ಬಕೆಟ್ ಬೋರಲು ಹಾಕಿ.

ಕಾರಿನದ್ದೂ ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮಲಗಿದ್ದಾನೆ, ಒಂದು ನಿಮಿಷದ ಕೆಲಸ ಎಂದು ಬಿಟ್ಟು ಹೋಗಲೇಬೇಡಿ. ತಳ್ಳುಗಾಡಿಯ ಮೇಲೆ ಬಟ್ಟೆ ಹೊದಿಸುವುದೂ ಅಷ್ಟೇ, ನೆರಳು ಕೊಟ್ಟೆವು ಎಂದುಕೊಂಡು ಒಳಗಿನ ಗಾಳಿ ಕಟ್ಟುತ್ತೇವೆ.

ಹೈಪರ್ ಎನ್ನುವ ಗುಮಾನಿ

ಇಲ್ಲ. ಅಂದರೆ, ಓಡುತ್ತಾನೆ ಎಂಬ ಒಂದೇ ಕಾರಣಕ್ಕೆ ಇಲ್ಲ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ, ಇದೆಯೇ ಎಂದು ತಪಾಸಣೆ ಮಾಡುವುದು ಸಾಮಾನ್ಯವಾಗಿ ನಾಲ್ಕು ವರ್ಷದ ಮೇಲೆ. ಎರಡು ವರ್ಷದವರಿಗೆಲ್ಲ ಆ ಪ್ರಶ್ನಾವಳಿ ಕೊಟ್ಟರೆ ಅರ್ಧ ಮಕ್ಕಳು ಪಾಸಾಗಿಬಿಡುತ್ತಾರೆ ಎಂದು ನಾವು ತಮಾಷೆ ಮಾಡುವುದುಂಟು. 1ರಿಂದ 4 ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ಗಂಟೆ! ನಿಮ್ಮ ಮಗ ತನ್ನ ಪಾಲಿನ ಕೆಲಸ ಮಾಡುತ್ತಿದ್ದಾನೆ. ಆ ಮೂರು ಗಂಟೆ ಒಂದೇ ಸಲ ಆಗಬೇಕಿಲ್ಲ, ದಿನವಿಡೀ ಹರಡಿಕೊಳ್ಳಲಿ. ಸಕ್ಕರೆ ತಿಂದು ಹೀಗೆ ಕುಣಿಯುತ್ತಾರೆ ಎಂದು ಯಾರಾದರೂ ಹೇಳಿದರೆ ಅದನ್ನೂ ಬಿಡಿ. ಯಾರಿಗೆ ಸಕ್ಕರೆ ಕೊಟ್ಟಿದೆ ಎಂದು ಮಕ್ಕಳಿಗೂ ಪೋಷಕರಿಗೂ ತಿಳಿಸದೆ ನಡೆಸಿದ ಪರೀಕ್ಷೆಗಳನ್ನೆಲ್ಲ 1995ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಹಲ್ಲಿನ ದೃಷ್ಟಿಯಿಂದ ಸಕ್ಕರೆ ಕಡಿಮೆ ಮಾಡಿ, ಅದು ಬೇರೆ ಮಾತು. ಹೆಸರು ಹಿಡಿದು ಕರೆದರೆ ತಿರುಗದಿರುವುದು, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡದಿರುವುದು, ಕಲಿತ ಮಾತು ಮರೆಯುವುದು, ಇಂಥದ್ದಿದ್ದರೆ ಬಂದು ತೋರಿಸಿ. ನಿಮಗೆ 'ಬೇಡ' ಎಂದು ಖಡಕ್ಕಾಗಿ ಹೇಳುವವನ ಬಗ್ಗೆ ನನಗೇನೂ ಆತಂಕವಿಲ್ಲ.

ಬೆವರುಸಾಲೆಗೆ ಪೌಡರ್ ಬೇಡ. ಬೆವರಿನ ನಾಳ ಕಟ್ಟಿಕೊಂಡೇ ಅದು ಎದ್ದಿರುವುದು, ಪೌಡರ್ ಬೆವರಿನ ಜೊತೆ ಸೇರಿ ಇನ್ನಷ್ಟು ಮೆತ್ತುತ್ತದೆ. ಅದರ ಧೂಳು ಮಗುವಿನ ಉಸಿರಿಗೂ ಒಳ್ಳೆಯದಲ್ಲ. ತಣ್ಣೀರಿನ ಸ್ನಾನ, ಸಡಿಲ ಹತ್ತಿ ಬಟ್ಟೆ, ಗಾಳಿ. ಕೆಲವೇ ದಿನಗಳಲ್ಲಿ ಹೋಗುತ್ತದೆ. ಕೀವು ಕಂಡರೆ ಮಾತ್ರ ತೋರಿಸಿ.

ಸನ್‌ಸ್ಕ್ರೀನ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಚರ್ಮ ಸುಡುವುದು ಸೆಕೆಯಿಂದಲ್ಲ, ಅತಿನೇರಳೆ ಕಿರಣದಿಂದ. ತಂಪು ಗಾಳಿಯ ದಿನವೂ, ತೆಳು ಮೋಡದ ದಿನವೂ ಅದು ಬೀಳುತ್ತಿರುತ್ತದೆ. ನೆಲದ ಮೇಲೆ ಮಗನ ನೆರಳು ನೋಡಿ. ನೆರಳು ಅವನಿಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಮೊದಲು ನೆರಳು, ಆಮೇಲೆ ಬಟ್ಟೆ, ಮುಚ್ಚದೆ ಉಳಿದ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು. ಜಿಂಕ್ ಆಕ್ಸೈಡ್ ಇರುವುದು ಪುಟ್ಟ ಚರ್ಮಕ್ಕೆ ಉರಿ ಕಡಿಮೆ. ಎರಡು ಗಂಟೆಗೊಮ್ಮೆ, ನೀರಾಟದ ನಂತರ ಮತ್ತೊಮ್ಮೆ ಹಚ್ಚಿ. ಹಚ್ಚಿದೆವು ಎಂಬ ಧೈರ್ಯದಲ್ಲಿ ಎರಡು ಗಂಟೆ ಹೆಚ್ಚು ಆಡಿಸುವುದೇ ಅದರ ದೊಡ್ಡ ಅಪಾಯ.

ಕಡೆಗೆ ಟೋಪಿ. ಇದಕ್ಕೆ ಔಷಧ ಇಲ್ಲ. ಅವನು ಎಸೆಯುತ್ತಾನೆ, ನೀವು ಹಾಕುತ್ತೀರಿ, ಅವನಿಗೆ ಅದೊಂದು ಹೊಸ ಆಟ. ಗಲ್ಲದ ಕೆಳಗೆ ಕಟ್ಟುವ ಗಟ್ಟಿ ದಾರ ಬೇಡ, ಹತ್ತುವ ಏಣಿಗೆ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ನೀವೂ ಒಂದು ಟೋಪಿ ಹಾಕಿ. ಬಿಸಿಲಿಗೆ ಕಾಲಿಡುವಾಗ ಇಬ್ಬರ ತಲೆಯ ಮೇಲೂ ಟೋಪಿ. ಅವನು ಕಿತ್ತ ಕೂಡಲೇ ಬೈಯದೆ, ನಗದೆ ಎತ್ತಿಕೊಂಡು ನೆರಳಿಗೆ ನಡೆಯಿರಿ, ನಿಮ್ಮದನ್ನೂ ತೆಗೆಯಿರಿ. ಟೋಪಿ ಇದ್ದರೆ ಬಿಸಿಲು, ಇಲ್ಲದಿದ್ದರೆ ನೆರಳು. ಮೊದಲ ದಿನ ಇಪ್ಪತ್ತು ಸಲ ಎತ್ತಬೇಕಾದೀತು, ಬೆನ್ನು ನೋಯುತ್ತದೆ. ಆದರೆ ಲಾಭ ನೋಡಿ. ಅವನು ಇಪ್ಪತ್ತು ಸಲ ಎಸೆದರೆ, ನೀವು ಕೇಳದೆಯೇ ಇಪ್ಪತ್ತು ಸಲ ವಿರಾಮ ಸಿಕ್ಕಿತು. ಪ್ರತಿ ಸಲವೂ ಬಾಟಲಿ ಅಲ್ಲೇ ಇರಲಿ.